ಹಿಂದ ಏನರ ಇರ್ಲಿ, ಮುಂದ ಏನರ ಇರ್ಲಿ

ದೇವರನ್ನು ಹೆಸರು ಹಿಡಿದು ಕರೆಯುವುದು ಸುಲಭ, ಮನುಷ್ಯನನ್ನು ಹೆಸರು ಹಿಡಿದು ಹುಡುಕುವುದು ಕಷ್ಟ. ದೇವರು ಯಾವ ಹೆಸರಿನಿಂದ ಕರೆದರೂ ಓ ಅನ್ನುತ್ತಾನೆ, ಮತ್ತು ಒಬ್ಬನೇ ಓ ಅನ್ನುತ್ತಾನೆ. ಮನುಷ್ಯರ ಸಂಗತಿ ಹಾಗಲ್ಲ. ಶಿರಹಟ್ಟಿಯ ಬಸ್ ನಿಲ್ದಾಣದಲ್ಲಿ ನಿಂತು ‘ಫಕ್ಕೀರಾ’ ಎಂದು ಒಮ್ಮೆ ಕೂಗಿ ನೋಡಿರಿ. ಹೊರಟ ಬಸ್ಸಿನಿಂದ ಇಬ್ಬರು ಇಳಿಯುತ್ತಾರೆ, ಚಹಾದಂಗಡಿಯ ಬಾಕಿನ ಮೇಲಿಂದ ಮೂವರು ಏಳುತ್ತಾರೆ, ಎಲೆಯಡಿಕೆ ಮಾರುವ ಮುದುಕಿಯೊಬ್ಬಳು ‘ನನ್ನ ಕರದ್ರೇನ್ರಿ’ ಎಂದು ಕೇಳುತ್ತಾಳೆ. ಊರ ಫಕ್ಕೀರೇಶ್ವರನ ಮೇಲಿನ ಭಕ್ತಿ ಅಂಥದ್ದು. ಹಿಂದೂಗಳ ಮನೆಯಲ್ಲಿ ಫಕ್ಕೀರಪ್ಪ, ಫಕ್ಕೀರಗೌಡ, ಫಕ್ಕೀರಯ್ಯ; ಮುಸಲ್ಮಾನರ ಮನೆಯಲ್ಲಿ ಫಕ್ಕೀರಸಾಬ; ಹೆಣ್ಣುಮಕ್ಕಳು ಫಕ್ಕೀರವ್ವ, ಫಕ್ಕೀರಮ್ಮ. ಹರಕೆ ಹೊತ್ತವರು ಜಾತಿ ನೋಡಲಿಲ್ಲ, ಹೆಸರಿಟ್ಟವರು ಲೆಕ್ಕ ಇಡಲಿಲ್ಲ.

ಇದು ಆ ಸೀಮೆಯ ಎಮ್ಮೆಗಳಿಗೂ ಗೊತ್ತಿದ್ದ ಸಂಗತಿ. ಮರೆತವರು ಒಬ್ಬರೇ, ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆರಡು ಸಲ ಅದೇ ಬಸ್ ನಿಲ್ದಾಣವನ್ನು ದಾಟುತ್ತಿದ್ದ ಮಾರ್ತಾಂಡರಾಯರು.

ರಾಯರು ಬೆಟಗೇರಿಯವರು. ಅವರ ಅಜ್ಜ ಗುಡಿಯಲ್ಲಿ ಗಂಟೆ ಬಾರಿಸಿದರು, ಅಪ್ಪ ಶಾಲೆಯಲ್ಲಿ ಗಂಟೆ ಬಾರಿಸಿದರು. ಇವರು ಶಿರಹಟ್ಟಿಯ ಹಿತಸಾಧಕ ರೈತರ ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿ ಕುಳಿತು, ಐದರ ಗಂಟೆ ಬಾರಿಸುವುದನ್ನು ಕಾದರು. ಹೀಗೆ ಮೂರು ತಲೆಮಾರು ಗಂಟೆಯ ಸೇವೆಯಲ್ಲಿ ಕಳೆಯಿತು.

ಸಂಘಕ್ಕೆ ಒಂಬತ್ತು ಸಾವಿರದ ನಾಲ್ಕು ನೂರು ಸದಸ್ಯರು. ಮೊದಲು ಅವರೆಲ್ಲ ಕೆಂಪು ಬಟ್ಟೆ ಕಟ್ಟಿದ ರಜಿಸ್ಟರುಗಳಲ್ಲಿ ವಾಸವಾಗಿದ್ದರು. ಎರಡು ವರ್ಷದ ಹಿಂದೆ ಕಂಪ್ಯೂಟರಿನೊಳಗೆ ಹೋದರು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಾಲಿಗೆ ನಾಲ್ಕು ಮನೆ: ನಂಬರು, ಹೆಸರು, ಊರು, ಮೊಬೈಲು. ಆ ಕಂಪ್ಯೂಟರಿಗೆ ಬಿಸಿಲು ತಾಗಬಾರದೆಂದು ಅದರ ಖೋಲಿಗೆ ಏಸಿ ಹಾಕಿಸಿದ್ದರು. ಚೈತ್ರ ವೈಶಾಖದಲ್ಲಿ ಆ ಬಾಗಿಲ ಸಂದಿಯಿಂದ ಬರುವ ತಂಪು ಕಾಲಿಗೆ ತಾಗಿದಾಗ ರಾಯರಿಗೆ ಒಂದು ಆಸೆ ಹುಟ್ಟಿತು. ಆ ಖೋಲಿಯ ಕುರ್ಚಿ ತನ್ನದಾಗಬೇಕು.

ಆಸೆ ಹುಟ್ಟಿದ ಮೇಲೆ ವಿದ್ಯೆ ಬೇಕು. ರಾಯರು ಮೊಬೈಲಿನಲ್ಲಿ ‘ಹತ್ತು ದಿನದಲ್ಲಿ ಡೇಟಾಬೇಸ್’ ಎಂಬ ಪಾಠ ಶುರು ಮಾಡಿದರು. ಆರನೆಯ ದಿನಕ್ಕೆ ನಿಲ್ಲಿಸಿದರು, ಯಾಕೆಂದರೆ ಆರನೆಯ ದಿನ ಅವರಿಗೆ ಶೇಕಡಾ ಚಿಹ್ನೆಯ ದರ್ಶನವಾಯಿತು. ಯಾರದಾದರೂ ಹೆಸರು ಪೂರ್ತಿ ಗೊತ್ತಿರದಿದ್ದರೆ ಚಿಂತೆಯಿಲ್ಲ. ಗೊತ್ತಿದ್ದ ತುಣುಕನ್ನು ಬರೆದು, ಅದರ ಹಿಂದೊಂದು ಮುಂದೊಂದು % ಇಟ್ಟು, ‘ಲೈಕ್’ ಎಂಬ ಆಜ್ಞೆ ಕೊಟ್ಟರೆ ಸಾಕು. ಆ ತುಣುಕು ಯಾವ ಹೆಸರಿನ ಯಾವ ಮೂಲೆಯಲ್ಲಿ ಅಡಗಿದ್ದರೂ ಯಂತ್ರ ಕಿವಿ ಹಿಡಿದು ಎಳೆದು ತರುತ್ತದೆ. ಇದನ್ನು ಯಾವಾಗ ಬಳಸಬಾರದು ಎಂಬುದು ಉಳಿದ ನಾಲ್ಕು ದಿನದ ಪಾಠದಲ್ಲಿತ್ತಂತೆ.

ಅಂದು ಮುಂಜಾನೆ ಊಟಕ್ಕೆ ಕುಳಿತಾಗ ರಾಯರು ಹೆಂಡತಿ ಪದ್ಮಾಬಾಯಿಗೆ ಈ ವಿದ್ಯೆಯನ್ನು ತಿಳಿಸಿಕೊಟ್ಟರು. ಒಗಟು ಏನಿಲ್ಲ, ಪುಡಿ ಬೇಕಂದರೆ ‘ಪುಡಿ’ ಅಂದರೆ ಸಾಕು, ಹಿಂದ ಏನರ ಇರ್ಲಿ ಮುಂದ ಏನರ ಇರ್ಲಿ, ತಾನಾಗಿ ಬರ್ತದ ಎಂದರು. ಪದ್ಮಾಬಾಯಿ ಒಳಗೆ ಹೋಗಿ ಡಬ್ಬಿಗಳನ್ನು ತಂದು ಸಾಲಾಗಿ ಇಟ್ಟರು. ಚಟ್ನಿಪುಡಿ, ಸಾರಿನ ಪುಡಿ, ಅರಿಷಿಣ ಪುಡಿ, ಚಹಾಪುಡಿ, ಹಲ್ಲುಪುಡಿ, ಕೊನೆಗೆ ಬಟ್ಟೆ ಒಗೆಯುವ ಪುಡಿಯ ಚೀಲ.

“ನನಗ ಬೇಕಾದದ್ದು ಚಟ್ನಿಪುಡಿ,” ಎಂದರು ರಾಯರು.

“ಹಂಗಿದ್ರ ಚಟ್ನಿಪುಡಿ ಅನಬೇಕಿತ್ತು. ನೀವು ಹಿಂದ ಮುಂದ ಏನರ ಇರ್ಲಿ ಅಂದ್ರಿ. ಯಾವ್ದು ಕಲಸಲಿ, ಹೇಳ್ರಿ.”

ಸಂಘದ ತರಬೇತಿಗೆ ಸಾವಿರಗಟ್ಟಲೆ ಕೊಟ್ಟರೂ ಸಿಗದ ಪಾಠ ಅದು. ರಾಯರು ಅದನ್ನು ಚಟ್ನಿಪುಡಿಯ ಸಂಗಡ ನುಂಗಿ ಬಸ್ಸು ಹತ್ತಿದರು.

ಅದೇ ದಿನ ಅಧ್ಯಕ್ಷ ಸಂಜೀವಪ್ಪನವರು ರಾಯರನ್ನು ಕರೆದು ಒಂದು ಚೀಟಿ ಕೊಟ್ಟರು. ಸಂಘಕ್ಕೆ ಐವತ್ತು ವರ್ಷ ತುಂಬಿತ್ತು. ಬರುವ ರವಿವಾರ ಸುವರ್ಣ ಮಹೋತ್ಸವ. ಅಂದು ಒಬ್ಬರಿಗೆ, ಒಬ್ಬರಿಗೆ ಮಾತ್ರ, ಶಾಲು ಹೊದಿಸಿ ಸತ್ಕಾರ. ಚೀಟಿಯಲ್ಲಿ ಬರೆದದ್ದು ಹೀಗೆ: ಫಕ್ಕೀರಸಾಬ, ಸದಸ್ಯ ನಂಬರ್ ಹದಿನೇಳು.

ಈ ಫಕ್ಕೀರಸಾಬರ ಪಡಸಾಲೆಯಲ್ಲೇ ಸಂಘ ಹುಟ್ಟಿದ್ದು. ಆಗ ಸಂಘ ಅಂದರೆ ಒಂದು ಚಾಪೆ, ಒಂದು ಕಬ್ಬಿಣದ ಪೆಟ್ಟಿಗೆ. ಮೊದಲ ದಿನ ರಜಿಸ್ಟರು ತೆರೆದಾಗ ಬಂದ ಹದಿನಾರು ಜನರಿಗೂ ‘ನೀವ ಮದ್ಲ ಕುಂಡ್ರಿ, ನೀವ ಮದ್ಲ ಸಹಿ ಮಾಡ್ರಿ’ ಎನ್ನುತ್ತ ಚಹಾ ಕೊಟ್ಟು, ಎಲ್ಲರೂ ಹೋದ ಮೇಲೆ ತಾವು ಹದಿನೇಳನೆಯವರಾದರು. ಆರು ವರ್ಷ ಆ ಪಡಸಾಲೆಗೆ ಬಾಡಿಗೆ ತೆಗೆದುಕೊಳ್ಳಲಿಲ್ಲ. ಈಗ ಅವರಿಗೆ ಎಂಬತ್ತಾರು.

“ರಾಯರ, ಇದು ನಿಮ್ಮ ಪರೀಕ್ಷಾ,” ಎಂದರು ಸಂಜೀವಪ್ಪ. “ಒಬ್ಬನ ಸತ್ಕಾರ. ಅಚ್ಚುಕಟ್ಟಾಗಿ ಆತು ಅಂದ್ರ ಕಂಪ್ಯೂಟರ್ ಖೋಲಿ ನಿಮ್ದು. ಘೋಟಾಳಿ ಆತು ಅಂದ್ರ ಮುಂಡರಗಿ ಗೋದಾಮಿನಾಗ ಬೀಜದ ಚೀಲ ಎಣಸ್ಕೋತ ಕುಂಡ್ರಬೇಕಾಗತೈತಿ.”

ಮುಂಡರಗಿ ಗೋದಾಮನ್ನು ರಾಯರು ಒಮ್ಮೆ ನೋಡಿದ್ದರು. ಹತ್ತಿ ಬೀಜದ ಧೂಳಿಗೆ ಬಾಗಿಲಿಂದ ಬಾಗಿಲಿಗೆ ಮೂವತ್ತೊಂದು ಸೀನು ಸೀನಿದ್ದರು. ಹೊರಗೆ ಬಂದ ಮೇಲೆ ಜವಾನ ಶಫೀಕ ಲೆಕ್ಕ ಹೇಳಿದ್ದ.

ಆ ಶಫೀಕನೂ ಐವತ್ತು ದಾಟಿದವನು. ರಾಯರು ಕಂಪ್ಯೂಟರಿನ ಮುಂದೆ ಪೂಜೆಗೆ ಕುಳಿತವರಂತೆ ಚಕ್ಕಳಮಕ್ಕಳ ಹಾಕಿ ಕುಳಿತಾಗ ಅವನು ಚಹಾ ಇಟ್ಟು ಚೀಟಿ ನೋಡಿದ. ನಂಬರ್ ಇದೆಯಲ್ಲ, ಹದಿನೇಳು ಅಂತ ಒತ್ತಿದರೆ ಆಯಿತಲ್ಲ ಎಂದು ಅವನ ಅಭಿಪ್ರಾಯ. ರಾಯರು ಕನಿಕರದಿಂದ ನಕ್ಕರು. ನಂಬರ್ ಒತ್ತಿ ಹುಡುಕುವುದು ಯಾರಿಗೆ ಬರುವುದಿಲ್ಲ? ಅದು ರಜಿಸ್ಟರಿನ ಕಾಲದ ಬುದ್ಧಿ. ಹಾಗಾದರೆ ವಿದ್ಯೆ ಯಾತಕ್ಕೆ? ಅವರು ಬೆರಳು ಲಟಲಟ ಮುರಿದು, ಹೆಸರಿನ ಮನೆಯಲ್ಲಿ ಹೀಗೆ ಕೂರಿಸಿದರು: ‘%ಫಕ್ಕೀರ%’.

ಯಂತ್ರ ಕಣ್ಣುಮುಚ್ಚಿ ತೆರೆಯುವುದರೊಳಗೆ ಉತ್ತರ ಕೊಟ್ಟಿತು. ಎಲ್ಲಕ್ಕೂ ಮೇಲಿನ ಸಾಲಿನಲ್ಲಿ ಫಕ್ಕೀರಸಾಬ, ನಂಬರ್ ಹದಿನೇಳು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ೬೧೧ ಸಾಲುಗಳು. ಆರುನೂರಾ ಹನ್ನೊಂದು ಸಾಲು ತಡಕಾಡಿ ಮನುಷ್ಯನನ್ನು ಹಿಡಿದು ತಂದಿದೆ ಎಂದು ರಾಯರಿಗೆ ಯಂತ್ರದ ಮೇಲೆ ಮಮತೆ ಉಕ್ಕಿತು. ಕೆಳಗೆ ಸರಿಸಿ ನೋಡುವ ಪ್ರಸಂಗ ಬರಲಿಲ್ಲ. ಮೇಲೆ ದೇವರು ಕಂಡ ಮೇಲೆ ಕೆಳಗೆ ಯಾರು ನೋಡುತ್ತಾರೆ? ಆ ಮೇಲಿನ ಸಾಲಿನಲ್ಲೂ ಮೊಬೈಲಿನ ಮನೆ ಖಾಲಿ ಇದ್ದದ್ದನ್ನು ಅವರು ನೋಡಲಿಲ್ಲ.

ಸಂದೇಶವನ್ನು ರಾಯರು ಸ್ವಂತ ಕೈಯಿಂದ ರಚಿಸಿದರು. “ಮಾನ್ಯರೆ, ನಮ್ಮ ಸಂಘಕ್ಕೆ ತಾವು ಸಲ್ಲಿಸಿದ ಅಮೂಲ್ಯ ಸೇವೆಯನ್ನು ಮನಗಂಡು, ಸಹಸ್ರಾರು ಸದಸ್ಯರಲ್ಲಿ ತಮ್ಮೊಬ್ಬರನ್ನೇ ಆರಿಸಲಾಗಿದೆ. ರವಿವಾರ ಮುಂಜಾನೆ ಹತ್ತಕ್ಕೆ ಸತ್ಕಾರ ಸ್ವೀಕರಿಸಲು ಕುಟುಂಬ ಸಮೇತ ಬರಬೇಕು.” ‘ತಮ್ಮೊಬ್ಬರನ್ನೇ’ ಎಂಬುದನ್ನು ಆಮೇಲೆ ಸೇರಿಸಿದ್ದು, ಅದಿಲ್ಲದೆ ವಾಕ್ಯಕ್ಕೆ ಗಾಂಭೀರ್ಯ ಬಂದಿರಲಿಲ್ಲ. ಗುಂಡಿ ಒತ್ತಿದರು. ಐದರ ಗಂಟೆ ಬಾರಿಸಿತು.

ಮರುದಿನ ಶಿರಹಟ್ಟಿಯಲ್ಲಿ ಬಸ್ಸು ಇಳಿದಾಗ ಮೊದಲ ಫ್ಲೆಕ್ಸು ಕಂಡಿತು. ಫಕ್ಕೀರಗೌಡರೊಬ್ಬರು ಕಪ್ಪು ಕನ್ನಡಕ ಹಾಕಿ, ಫೋನನ್ನು ಕಿವಿಗೆ ಹಚ್ಚಿ, ‘ಹಿತಸಾಧಕ ಸಂಘದ ಏಕೈಕ ಸೇವಾರತ್ನ’ ಎಂಬ ಅಕ್ಷರಗಳ ಕೆಳಗೆ ನಗುತ್ತಿದ್ದರು. ಬೇರೆ ಯಾವುದೋ ಸಂಗತಿ ಇರಬೇಕೆಂದು ರಾಯರು ಮುಂದೆ ನಡೆದರು. ಎರಡನೆಯದರಲ್ಲಿ ಫಕ್ಕೀರಯ್ಯ. ಮೂರನೆಯದರಲ್ಲಿ ಎಮ್ಮೆಯ ಪಕ್ಕದಲ್ಲಿ ಫಕ್ಕೀರವ್ವ. ಸಂಘದ ಬಾಗಿಲು ಮುಟ್ಟುವುದರೊಳಗೆ ಹನ್ನೊಂದು ಏಕೈಕರು ಆದರು. ರಾಯರು ಅಲ್ಲೇ ಕಟ್ಟೆಯ ಮೇಲೆ ಕುಳಿತರು.

ಲಕ್ಷ್ಮೇಶ್ವರದ ಗೌಸಸಾಬನ ಫ್ಲೆಕ್ಸ್ ಅಂಗಡಿಯಲ್ಲಿ ಮಧ್ಯಾಹ್ನಕ್ಕೆ ಬಟ್ಟೆ ತೀರಿತಂತೆ, ಗದಗಿನಿಂದ ತರಿಸಿದನಂತೆ. ಒಬ್ಬೊಬ್ಬನ ಫೋಟೋ ತೆಗೆದು ತೆಗೆದು ಬೇಸತ್ತ ಅವನು ಕೊನೆಗೆ ಹೆಸರಿನ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಮೊದಲೇ ಅಚ್ಚು ಹಾಕಿಟ್ಟ. ಒಂದು ಮನೆಯಲ್ಲಿ ಗಂಡ ಫಕ್ಕೀರಪ್ಪ, ಹೆಂಡತಿ ಫಕ್ಕೀರವ್ವ. ಇಬ್ಬರಿಗೂ ‘ತಮ್ಮೊಬ್ಬರನ್ನೇ’ ಬಂದು, ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಫ್ಲೆಕ್ಸು ಹಾಕಿಸಿ, ಒಂದೇ ಕಂಬಕ್ಕೆ ಕಟ್ಟಲು ಬಂದು ಭೇಟಿಯಾದರು. ಲಕ್ಕುಂಡಿಗೆ ಕೊಟ್ಟ ಮಗಳು, ಕಳಸಾಪುರಕ್ಕೆ ಕೊಟ್ಟ ತಂಗಿ, ಎಲ್ಲರೂ ರವಿವಾರಕ್ಕೆ ಗಂಟು ಕಟ್ಟಿದ್ದರು.

ಇಲ್ಲಿ ಕಥೆ ಹೇಳುವವನು ಒಂದು ಸಂಗತಿಯನ್ನು ಕೈಮುಗಿದು ಹೇಳಬೇಕು. ಆರುನೂರಾ ಹತ್ತು ಜನರಲ್ಲಿ ‘ನನಗ್ಯಾಕ ಸತ್ಕಾರ’ ಎಂದು ಒಬ್ಬನೂ ಕೇಳಲಿಲ್ಲ. ಎಲ್ಲರಿಗೂ ತಾವು ಮಾಡಿದ ಸೇವೆ ನೆನಪಿಗೆ ಬಂತು. ಒಬ್ಬನು ವಾರ್ಷಿಕ ಸಭೆಯ ಊಟವನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ. ಇನ್ನೊಬ್ಬನು ಸಂಘದಿಂದ ಹೊರಡುವಾಗ ಒಮ್ಮೆ ಫ್ಯಾನು ಆರಿಸಿದ್ದ. ಮತ್ತೊಬ್ಬನು ಅಂಥದ್ದೇನೂ ನೆನಪಾಗದೆ, ನೆನಪಿಡದೆ ಮಾಡಿದ್ದೇ ನಿಜವಾದ ಸೇವೆ ಎಂದು ನಾಲ್ಕು ಮಂದಿಯ ಮುಂದೆ ಹೇಳಿದ.

ಸಂಜೀವಪ್ಪನವರು ರಾಯರನ್ನು ಒಳಗೆ ಕರೆಸಿ ಮುಂಡರಗಿಗೆ ಬಸ್ಸು ಎಷ್ಟು ಗಂಟೆಗೆ ಐತಿ ಎಂದಷ್ಟೇ ಕೇಳಿದರು. ಸಂಜೆಯೊಳಗೆ ಸರಿಮಾಡುವುದಾಗಿ ರಾಯರು ಆಣೆ ಮಾಡಿ ಕಂಪ್ಯೂಟರಿಗೆ ಓಡಿದರು.

ಕೆಟ್ಟದ್ದು ಒಂದು ಸಂದೇಶದಿಂದ, ಸರಿಯಾಗುವುದೂ ಒಂದು ಸಂದೇಶದಿಂದ. ಇಷ್ಟು ರಾಯರಿಗೆ ಹೊಳೆಯಿತು. ಬೇಡವಾದ ಫಕ್ಕೀರರಿಗೆಲ್ಲ ‘ರದ್ದು’ ಎಂದು ತಿಳಿಸಬೇಕು. ಬೇಡ ಅನ್ನುವುದಕ್ಕೆ ಐದನೆಯ ದಿನದ ಪಾಠದಲ್ಲಿ ‘ನಾಟ್’ ಎಂಬ ಆಜ್ಞೆ ಇತ್ತು. ಅದನ್ನು ‘ಲೈಕ್’ ಮುಂದೆ ಇಟ್ಟರೆ ಆಯಿತು: ಈ ಫಕ್ಕೀರರು ಬೇಡ.

“ಹದಿನೇಳ್ರೀ ರಾಯರ,” ಎಂದ ಶಫೀಕ ಬಾಗಿಲಲ್ಲಿ ನಿಂತು. “ಅದೊಂದು ನಂಬರ್ ಹಾಕಿ, ಉಳದವರನ್ನ ಒಬ್ಬೊಬ್ಬರನ್ನ ನೋಡಿ—”

“ಶಫೀಕ, ನೀ ಕಿಟ್ಲಿ ತೊಳಿ ಹೋಗು.”

ಯಂತ್ರಕ್ಕೆ ಮನಸ್ಸಿನ ಮಾತು ತಿಳಿಯುವುದಿಲ್ಲ. ಅದು ಹೇಳಿದ್ದನ್ನು ಮಾಡುತ್ತದೆ. ಅದರ ಸಾಧುತನವೂ ಅದೇ, ಅದರ ಕ್ರೌರ್ಯವೂ ಅದೇ. ಫಕ್ಕೀರ ಬೇಡ ಎಂದಾಗ ಅದು ಫಕ್ಕೀರ ಅಲ್ಲದವರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿತು. ಎಂಟು ಸಾವಿರದ ಏಳುನೂರಾ ಎಂಬತ್ತೊಂಬತ್ತು ಮಂದಿ. ಅವರೆಲ್ಲರಿಗೆ ಈ ಸಂದೇಶ ಹೋಯಿತು: “ಮಾನ್ಯರೆ, ಕಾರಣಾಂತರದಿಂದ ತಮ್ಮ ಸತ್ಕಾರವನ್ನು ರದ್ದುಪಡಿಸಲಾಗಿದೆ. ಮನಸ್ಸಿಗೆ ಹಚ್ಚಿಕೊಳ್ಳಬಾರದು.”

ನೌಕರರೂ ಸಂಘದ ಸದಸ್ಯರೇ. ಅರ್ಧ ನಿಮಿಷದಲ್ಲಿ ರಾಯರ ಕಿಸೆಯಲ್ಲೇ ಮೊಬೈಲು ಗುಂಯ್ಗುಟ್ಟಿತು. ತೆಗೆದು ಓದಿದರು. ತನಗೂ ಸತ್ಕಾರವಿತ್ತೇ, ಯಾರು ಕಸಿದರು ಎಂದು ಅವರು ಇನ್ನೊಮ್ಮೆ ಓದಿದರು. ಆಮೇಲೆ ಕೆಳಗಿನ ಒಕ್ಕಣೆ ಪರಿಚಯದ್ದೆನಿಸಿತು.

ಸತ್ಕಾರ ಇಲ್ಲದ ಮನುಷ್ಯ ಸುಖವಾಗಿರುತ್ತಾನೆ. ತನಗೊಂದು ಸತ್ಕಾರವಿತ್ತು, ಅದು ರದ್ದಾಯಿತು ಎಂದು ಗೊತ್ತಾದ ಮನುಷ್ಯ ಊಟ ಬಿಡುತ್ತಾನೆ. ಶುಕ್ರವಾರ ಮುಂಜಾನೆಯ ಮೊದಲ ಬಸ್ಸಿಗೆ ಮುಂಡರಗಿಯಿಂದ ಕರಿಯವ್ವ ಎಂಬ ಹೆಣ್ಣುಮಗಳು ಇಬ್ಬರು ಸೊಸೆಯರನ್ನು ಕಟ್ಟಿಕೊಂಡು ಬಂದಿಳಿದಳು. ವರ್ಷಕ್ಕೊಮ್ಮೆ ಬೀಜ ಒಯ್ಯುವುದು ಬಿಟ್ಟರೆ ಅವಳಿಗೂ ಸಂಘಕ್ಕೂ ಬೇರೆ ಸಂಬಂಧವಿರಲಿಲ್ಲ. ಬಾಗಿಲಲ್ಲೇ ಕುಳಿತು ರಾಯರನ್ನು ನೋಡಿದಳು.

“ನನ್ನ ಸತ್ಕಾರ ಯಾರು ಕಸಗೊಂಡ್ರು, ಅದನ್ನಷ್ಟ ಹೇಳು ಯಪ್ಪಾ. ನಾ ಜಗಳಾಡಾಕ ಬಂದಿಲ್ಲ. ಹೆಸರು ತಿಳಕೊಂಡು ಹೋಗತೇನಿ.”

ರಾಯರು, ಅವಳಿಗೆ ಸತ್ಕಾರ ಇರಲೇ ಇಲ್ಲವೆಂದು ವಿವರಿಸಿದರು. ಇಲ್ಲದ್ದನ್ನು ರದ್ದು ಹೇಗೆ ಮಾಡಿದಿರಿ ಎಂದು ಅವಳು ಕೇಳಿದಳು. ಇದಕ್ಕೆ ಹತ್ತು ದಿನದ ಯಾವ ಪಾಠದಲ್ಲೂ ಉತ್ತರವಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿವೃತ್ತ ಮಾಸ್ತರ ಖಾಸಿಂಸಾಬರು ಬಂದರು. ಅವರು ಕೂಗಾಡಲಿಲ್ಲ, ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಸತ್ಕಾರ ರದ್ದಾದ ‘ಕಾರಣಾಂತರ’ ಯಾವುದು ಎಂದು ಲಿಖಿತವಾಗಿ ಕೇಳಿ, ಅದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರು. ಅವರ ಹಿಂದೆ ಅಂಥವೇ ನಾಲ್ಕುನೂರು ಅರ್ಜಿ ಬಂದವು.

ಆದರೆ ಎಲ್ಲರಿಗಿಂತ ದೊಡ್ಡ ಗಾಯ ಆದದ್ದು ಅಧ್ಯಕ್ಷರಿಗೆ. ಸಂಜೀವಪ್ಪನವರ ಮೊಬೈಲಿಗೂ ಆ ಸಂದೇಶ ಬಂದಿತ್ತು. ತನಗೆ ಗೊತ್ತಾಗದ ಹಾಗೆ ಆಡಳಿತ ಮಂಡಳಿ ತನ್ನ ಸತ್ಕಾರ ಇಟ್ಟಿತ್ತು, ಅದನ್ನು ಯಾರೋ ಕೆಡಿಸಿದರು ಎಂಬುದರಲ್ಲಿ ಅವರಿಗೆ ಸಂಶಯ ಉಳಿಯಲಿಲ್ಲ. ಒಂಬತ್ತು ಸಾವಿರ ಮಂದಿಗೆ ಬಂದಿದೆಯಲ್ಲ ಎಂದು ರಾಯರು ತೊದಲಿದರೆ, ನನ್ನೊಬ್ಬನ್ನ ರದ್ದು ಮಾಡಿದರೆ ಗೊತ್ತಾಗತೈತಿ ಅಂತ ಎಲ್ಲಾರನ್ನೂ ರದ್ದು ಮಾಡ್ಯಾರ ಎಂದರು. ಇಷ್ಟು ದೊಡ್ಡ ಕುತಂತ್ರ ರಾಯರಿಂದ ಆಗುವಂಥದ್ದಲ್ಲ ಎಂದು ಅವರೇ ತೀರ್ಮಾನಿಸಿದ್ದರಿಂದ ರಾಯರು ಅವರ ತೀರ್ಮಾನಕ್ಕೆ ಅಡ್ಡ ಬರಲಿಲ್ಲ.

ಮನೆಗೆ ಬಂದರೆ ಒಲೆ ಆರಿತ್ತು. ಪದ್ಮಾಬಾಯಿಯೂ ಸಂಘದ ಸದಸ್ಯರೇ.

“ಇಪ್ಪತ್ತಾರು ವರ್ಷದ ಸಂಸಾರದಾಗ ನನಗೊಂದು ಸತ್ಕಾರ ಇತ್ತಂತ,” ಎಂದರು ಅವರು ಗೋಡೆಯ ಕಡೆಗೆ ನೋಡುತ್ತ. “ನನಗ ಗೊತ್ತ ಇರಲಿಲ್ಲ. ಅದನ್ನೂ ನೀವ ರದ್ದು ಮಾಡಿದ್ರಿ.”

ಅಂದು ತಾಟಿನಲ್ಲಿ ಬರಿ ಅನ್ನ ಇತ್ತು. ಪುಡಿ ಯಾವುದೂ ಇರಲಿಲ್ಲ, ಹಿಂದಿನದೂ ಇಲ್ಲ, ಮುಂದಿನದೂ ಇಲ್ಲ.

ರವಿವಾರ ಬೆಳಗಾಯಿತು. ಸಂಘದ ಅಂಗಳದಲ್ಲಿ ನೂರು ಕುರ್ಚಿಯ ಪೆಂಡಾಲು, ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ. ಒಂಬತ್ತಕ್ಕೆ ಐದು ಕಡೆಯಿಂದ ಹಲಗೆ ಬಾರಿಸುವವರು ಬಂದರು. ಫಕ್ಕೀರರು ಹೊಸ ಧೋತರದಲ್ಲಿ, ಹೊಸ ಸೀರೆಯಲ್ಲಿ, ಬೀಗರ ಸಮೇತ ಒಳಗೆ ಬಂದರು. ರದ್ದಾದವರು ಗೇಟಿನ ಹೊರಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತರು. ಹತ್ತಕ್ಕೆ ಮಾರ್ತಾಂಡರಾಯರು ಮೈಕಿನ ಮುಂದೆ ನಿಂತು ಯಾದಿಯ ಮೊದಲ ಹೆಸರನ್ನು ಓದಿದರು.

“ಫಕ್ಕೀರಸಾಬ.”

ಎಂಬತ್ತಮೂರು ಫಕ್ಕೀರಸಾಬರು ವೇದಿಕೆ ಹತ್ತಿದರು. ವೇದಿಕೆಯ ಒಂದು ಕಾಲು ಮುರಿಯಿತು.

ಸಂಜೀವಪ್ಪನವರು ಎದ್ದು ನಿಂತರು. ಎರಡು ತಿಂಗಳಿಗೆ ಸಂಘದ ಚುನಾವಣೆ ಇತ್ತು. ಅವರು ಒಳಗಿನ ಆರುನೂರು ಓಟನ್ನು ನೋಡಿದರು, ಹೊರಗಿನ ನಾಲ್ಕುನೂರು ಓಟನ್ನು ನೋಡಿದರು, ಕ್ಷಣ ಹೊತ್ತು ಕಣ್ಣು ಮುಚ್ಚಿದರು. ಮಹಾತ್ಮರಿಗೆ ಹೀಗೆಯೇ ಸಮದೃಷ್ಟಿ ಬರುವುದಂತೆ.

“ಬಂದ ಎಲ್ಲಾರಿಗೂ ಸತ್ಕಾರ ಐತಿ,” ಎಂದರು ಮೈಕಿನಲ್ಲಿ. “ರದ್ದತಿಯನ್ನೂ ರದ್ದು ಮಾಡೇವಿ. ಸಾಲಾಗಿ ಬರ್ರಿ.”

ಶಾಲು ಒಂದೇ. ಆದರೆ ಸತ್ಕಾರಕ್ಕೆ ಬೇಕಾದದ್ದು ಶಾಲಲ್ಲ, ಫೋಟೋ. ಒಬ್ಬನಿಗೆ ಹೊದಿಸುವುದು, ಹಾರ ಹಾಕುವುದು, ಬುಟ್ಟಿ ಕೊಡುವುದು, ಫೋಟೋ. ಹೊದಿಸಿದ್ದನ್ನು ತೆಗೆದು ಮುಂದಿನವನಿಗೆ. ಮೊದಮೊದಲು ಒಬ್ಬೊಬ್ಬರಿಗೆ ಒಂದು ನಿಮಿಷ ಹಿಡಿಯಿತು, ಆಮೇಲೆ ಕೈ ಕುದುರಿತು. ಹನ್ನೆರಡಕ್ಕೆ ಹಾರದಲ್ಲಿ ದಾರವಷ್ಟೇ ಉಳಿಯಿತು. ಒಂದಕ್ಕೆ ಬುಟ್ಟಿಯ ಬಾಳೆಹಣ್ಣು ಮುಗಿದು, ಬರಿ ಬುಟ್ಟಿಯನ್ನೇ ಗಂಭೀರವಾಗಿ ಕೊಟ್ಟು ತೆಗೆದುಕೊಳ್ಳತೊಡಗಿದರು. ಕರಿಯವ್ವ ತನ್ನ ಸರದಿಯಲ್ಲಿ ಶಾಲನ್ನು ಹೊದ್ದವಳು ಬಿಡಲೊಲ್ಲದೆ ಎರಡು ಫೋಟೋ ತೆಗೆಸಿಕೊಂಡಳು, ಒಂದು ರದ್ದಾದದ್ದಕ್ಕೆ ಎಂದಳು. ಖಾಸಿಂಸಾಬ ಮಾಸ್ತರರು ಶಾಲು ತೆಗೆದುಕೊಂಡದ್ದಕ್ಕೂ ಮರಳಿ ಕೊಟ್ಟದ್ದಕ್ಕೂ ರಸೀದಿ ಬರೆಸಿದರು. ನಾಲ್ಕಕ್ಕೆ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಅಧ್ಯಕ್ಷರು ಕುರ್ಚಿಯಿಂದ ಇಳಿದು ಸಾಲಿನ ಕೊನೆಗೆ ನಿಂತರು.

ಈ ಗದ್ದಲದ ನಡುವೆ ಒಬ್ಬ ಮುದುಕ ಮುಂಜಾನೆಯಿಂದ ಕಿಟ್ಲಿ ಹಿಡಿದು ಓಡಾಡುತ್ತಿದ್ದ. ಚಹಾ ಮಾಡಿದ್ದು ನೂರು ಮಂದಿಗೆ, ಬಂದವರು ಸಾವಿರ. ಆತ ಒಲೆಯ ಹತ್ತಿರ ಹೋಗಿ ಹಾಲು ನೀರು ಹೊಂದಿಸಿ, ಮತ್ತೆ ಕಾಸಿ, ನೀವ ಮದ್ಲ ತಗೋರಿ, ನೀವ ಮದ್ಲ ಕುಂಡ್ರಿ ಎಂದು ಕೊಡುತ್ತಿದ್ದ. ಸಂಘದವರು ಹೇಳಿ ಕರೆಸಿದ ಆಳಿರಬೇಕೆಂದು ಎಲ್ಲರೂ ತಿಳಿದರು. ಮೂವರು ಅವನಿಗೆ ಸಕ್ಕರೆ ಕಮ್ಮಿ ಎಂದು ಬೈದರು.

ಹೊತ್ತು ಇಳಿದಾಗ ರಾಯರು ಯಾದಿಯನ್ನು ನೋಡಿದರು. ಎಲ್ಲ ಹೆಸರಿನ ಮುಂದೆಯೂ ಗೀಟು ಬಿದ್ದಿತ್ತು, ಎಲ್ಲಕ್ಕಿಂತ ಮೇಲಿನ ಹೆಸರೊಂದನ್ನು ಬಿಟ್ಟು. ಈ ಸಲ ರಾಯರು ಅದನ್ನು ಹಾಗೇ ಓದಲಿಲ್ಲ.

“ಸದಸ್ಯ ನಂಬರ್ ಹದಿನೇಳು,” ಎಂದರು.

ಸಾವಿರ ಮಂದಿಯಲ್ಲಿ ಒಬ್ಬರೇ ಓ ಅಂದರು. ಮುದುಕ ಕಿಟ್ಲಿಯನ್ನು ಕೆಳಗಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಮುರಿದ ವೇದಿಕೆಯನ್ನು ಶಫೀಕನ ಹೆಗಲು ಹಿಡಿದು ಹತ್ತಿದರು. ಮೊಬೈಲಿಲ್ಲದ ಅವರಿಗೆ ಆರಿಸಿದ ಸುದ್ದಿಯೂ ಬಂದಿರಲಿಲ್ಲ, ರದ್ದಾದ ಸುದ್ದಿಯೂ ಬಂದಿರಲಿಲ್ಲ. ಶನಿವಾರ ಶಫೀಕನೇ ಮನೆಯವರೆಗೆ ನಡೆದುಹೋಗಿ ಹೇಳಿ ಬಂದಿದ್ದ.

“ಮುಂಜಾನಿ ಬಂದೀರಿ, ಹೇಳಬಾರದಿತ್ತೇನ್ರಿ ಅಜ್ಜಾರ,” ಎಂದರು ರಾಯರು.

“ಹೇಳೋಣಂತ ಬಂದೆ,” ಎಂದರು ಫಕ್ಕೀರಸಾಬ. “ನೋಡಿದ್ರ ಮಂದಿ ಭಾಳಿತ್ತು, ಚಾ ಕಮ್ಮಿ ಇತ್ತು.”

ಸಂಜೀವಪ್ಪನವರು ಶಾಲು ಹೊದಿಸಿದರು. ಸಾವಿರ ಹೆಗಲು ಕಂಡ ಶಾಲು. ಎಣ್ಣೆ, ಕುಂಕುಮ, ಬೆವರು, ಒಂದು ಮೂಲೆಯಲ್ಲಿ ಬಾಳೆಹಣ್ಣು. ಎರಡು ಮಾತಾಡಿರಿ ಎಂದು ಮೈಕು ಕೊಟ್ಟರು. ಫಕ್ಕೀರಸಾಬರು ಜನರನ್ನು ಈ ತುದಿಯಿಂದ ಆ ತುದಿಗೆ ಸಾವಕಾಶ ನೋಡಿದರು.

“ಈ ಸಂಘಕ್ಕ ಇಷ್ಟ ಮಂದಿ ದುಡದೀರಿ ಅಂತ ನನಗ ಇವತ್ತ ಗೊತ್ತಾತು,” ಎಂದರು. “ಅವತ್ತ ನಮ್ಮ ಪಡಸಾಲ್ಯಾಗ ಚಾಪಿ ಹಾಸಿದಾಗ ಇಷ್ಟ ಮಂದಿ ಇದ್ರಿ ಅಂತ ಗೊತ್ತಿದ್ರ, ಇನ್ನೊಂದು ಚಾಪಿ ಹಾಸ್ತಿದ್ದೆ.”

ಜನ ಚಪ್ಪಾಳೆ ತಟ್ಟಿದರು. ತಮ್ಮನ್ನೇ ಹೊಗಳಿದರೆಂದು ಎಲ್ಲರಿಗೂ ಸಂತೋಷವಾಯಿತು. ಅಜ್ಜ ಕೆಳಗಿಳಿದು, ಶಾಲನ್ನು ತೆಗೆದು ನಾಲ್ಕು ಮಡಿಕೆ ಮಾಡಿ, ಕಾದ ಕಿಟ್ಲಿಯ ಹಿಡಿಕೆಗೆ ಸುತ್ತಿದರು. ಮುಂಜಾನೆಯಿಂದ ಅವರಿಗೆ ಬೇಕಾಗಿದ್ದದ್ದು ಅದೇ.

ಜನ ಹೊಗಳುತ್ತ ಊರಿಗೆ ಹೋದರು. ಓಟುಗಳು ಕೈಮುಗಿದು ಹೋದದ್ದನ್ನು ಕಂಡು ಸಂಜೀವಪ್ಪನವರು ಅರಳಿ, ರಾಯರ ಬೆನ್ನು ತಟ್ಟಿದರು. ಇಂಥ ಕಾರ್ಯಕ್ರಮ ಜಿಲ್ಲೆಯಲ್ಲೇ ಆಗಿಲ್ಲ, ನಾಳೆಯಿಂದ ಖೋಲಿ ನಿಮ್ಮದೇ ಎಂದರು.

“ಆದ್ರ ಮದ್ಲನೇ ಕೆಲಸ ಒಂದ ಐತಿ,” ಎಂದರು ತಗ್ಗಿದ ದನಿಯಲ್ಲಿ. “ನನ್ನ ಸತ್ಕಾರ ರದ್ದು ಮಾಡಿದ ಮನಶ್ಯಾ ಯಾಂವ, ಅದನ್ನ ಕಂಪ್ಯೂಟರಿನಾಗ ಹುಡುಕಿ ಕೊಡ್ರಿ. ಅವನ್ನ ಮುಂಡರಗಿ ಗೋದಾಮಿಗೆ ಹಾಕೂಣು.”

ರಾಯರು ಕಂಪ್ಯೂಟರ್ ಖೋಲಿಯ ಬಾಗಿಲ ಕಡೆ ನೋಡಿದರು. ಅಡಗಿ ಕೂರಲು ಒಂಬತ್ತು ಸಾವಿರದ ನಾಲ್ಕುನೂರು ಸಾಲುಗಳಿದ್ದವು. ಹಿಂದೊಂದು ಮುಂದೊಂದು % ಇಟ್ಟರೆ ಯಾರನ್ನು ಬೇಕಾದರೂ ತಂದು ನಿಲ್ಲಿಸಬಹುದಿತ್ತು. ಅಷ್ಟರಲ್ಲಿ ಶಾಲು ಸುತ್ತಿದ ಕಿಟ್ಲಿ ಅವರ ಮುಂದೆ ಬಂತು.

“ತಗೋರಿ ರಾಯರ,” ಎಂದರು ಫಕ್ಕೀರಸಾಬ. “ನೀವೊಬ್ರ ಉಳದೀರಿ.”

ರಾಯರು ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಅಧ್ಯಕ್ಷರ ಕಡೆ ತಿರುಗಿದರು.

“ಹುಡುಕೋದು ಬ್ಯಾಡ್ರಿ. ನೌಕರ ನಂಬರ್ ನಲವತ್ತೆರಡು.”

“ಯಾಂವ ಅವಾ?”

“ನಾನ ರೀ.”

ಆರು ದಿನದ ವಿದ್ಯೆಯಲ್ಲಿ ರಾಯರು ಒಬ್ಬ ಮನುಷ್ಯನನ್ನು ಒಂದೇ ಸಲಕ್ಕೆ ಸರಿಯಾಗಿ ಹುಡುಕಿಕೊಟ್ಟದ್ದು ಅದೊಂದೇ.

ಈಗ ಅವರು ಮುಂಡರಗಿಯಲ್ಲಿದ್ದಾರೆ. ಮೂಗಿಗೆ ವಸ್ತ್ರ ಕಟ್ಟಿ, ಪ್ರತಿ ಚೀಲಕ್ಕೂ ಒಂದು ನಂಬರು ಬರೆದಿದ್ದಾರೆ. ಯಾವ ಬೀಜ ಕೇಳಿದರೂ ಎರಡು ಸೀನಿನೊಳಗೆ ತೆಗೆದುಕೊಡುತ್ತಾರೆಂದು ರೈತರು ಹೇಳುತ್ತಾರೆ. ಕರಿಯವ್ವನೇ ಹೇಳಿದಳೆಂದರೆ ಸುಳ್ಳಿರಲಾರದು. ತಂಪು ಖೋಲಿಯ ಕುರ್ಚಿಯಲ್ಲಿ ಶಫೀಕ ಕುಳಿತಿದ್ದಾನೆ. ಸಂಜೀವಪ್ಪನವರು ಅವಿರೋಧವಾಗಿ ಆರಿಸಿ ಬಂದರು.

ವರ್ಗವಾದ ಮೊದಲ ತಿಂಗಳು ರಾಯರು ಬೆಟಗೇರಿಗೆ ಬರುವಾಗ ದಾರಿಯಲ್ಲಿ ಒಂದು ಶಾಲು ಕೊಂಡರು. ಮನೆಗೆ ಬಂದು, ಅಕ್ಕಿ ಆರಿಸುತ್ತ ಕುಳಿತಿದ್ದ ಪದ್ಮಾಬಾಯಿಯ ಹೆಗಲ ಮೇಲೆ ಹೊದಿಸಿದರು. ಪದ್ಮಾಬಾಯಿ ಅದರ ಸೆರಗನ್ನು ಬೆಳಕಿಗೆ ಹಿಡಿದರು. ಎಣ್ಣೆಯ ಕಲೆ ಇಲ್ಲ, ಕುಂಕುಮ ಇಲ್ಲ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ಆದರೂ ಅವರು ಗಂಡನ ಮುಖವನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

“ಇದು ನನಗೊಬ್ಬಾಕಿಗೇ ಹೌದಲ್ರಿ? ಹಿಂದ ಮುಂದ ಯಾರೂ ಇಲ್ಲಲ್ಲ?”